‘ಏನಾದ್ರೂ ಮಾಡು’ ಅನ್ನುವವರಿಗೆ ಅಡುಗೆ ಮಾಡಿ ಕಲಿತದ್ದು

ನಾಳೆ ಏನು ಮಾಡಲಿ ಅಂತ ನಮ್ಮ ಮನೆಯಲ್ಲಿ ಕೇಳಿ ನೋಡಿ. ಅಮ್ಮ ತುಮಕೂರು ಕಡೆಯವರು. "ನಿಂಗೆ ಯಾವ್ದು ಸುಲಭಾನೋ ಅದ್ನೇ ಮಾಡಪ್ಪ" ಅನ್ನುತ್ತಾರೆ. ಹೆಂಡತಿ ಉಡುಪಿಯವಳು. "ಎಂತದಾದ್ರೂ ಆಗ್ತದೆ ಮಾರಾಯ್ರೆ" ಅನ್ನುತ್ತಾಳೆ. ಮಗಳು ಫೋನಿನಿಂದ ತಲೆ ಎತ್ತದೆ "ಏನಾದ್ರೂ" ಅನ್ನುತ್ತಾಳೆ. ಮಗನದು "ಅಕ್ಕ ಹೇಳಿದ್ದೇ". ತಟ್ಟೆ ಹಾಕಿದ ಮೇಲೆ ಮಾತ್ರ ನಾಲ್ವರಿಗೂ ಬಾಯಿ ಬರುತ್ತದೆ. "ಇವತ್ತೂ ಹುಳೀನಾ?"

2022ರಲ್ಲಿ ಹೆಂಡತಿಯ ಕೆಲಸದ ಹೊತ್ತು ಬದಲಾಯಿತು. ನಾನು ಮನೆಯಲ್ಲೇ ಕೂತು ಕೆಲಸ ಮಾಡುವವನು. ಅಡುಗೆ ನನ್ನ ಪಾಲಿಗೆ ಬಂತು. ಮಾಡುವುದೇನೂ ಕಷ್ಟವಾಗಲಿಲ್ಲ, ಅಮ್ಮ ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹೇಳಿಕೊಡುತ್ತಿದ್ದರು. ಏನು ಮಾಡೋದು ಅನ್ನೋದೇ ಜೀವ ಹಿಂಡುತ್ತಿತ್ತು.

ಮೊದಲು ಒಂದು ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಸೋಮವಾರ ಬಿಸಿಬೇಳೆಬಾತ್, ಮಂಗಳವಾರ ಅಕ್ಕಿರೊಟ್ಟಿ, ಬುಧವಾರ ಮಜ್ಜಿಗೆ ಹುಳಿ, ಹೀಗೆ ಏಳು ದಿನ. ಸೋಮವಾರದ ಬಾತ್ ಎಷ್ಟು ಉಳಿಯಿತೆಂದರೆ ಮಂಗಳವಾರವೂ ಅದನ್ನೇ ತಿಂದೆವು. ರೊಟ್ಟಿ ಹೋಯಿತು. ಬುಧವಾರ ಊರಿಂದ ನೆಂಟರು ಒಂದು ಹೊರೆ ದಂಟಿನ ಸೊಪ್ಪು ತಂದರು. ಸೊಪ್ಪು ಪಟ್ಟಿ ನೋಡಿಕೊಂಡು ಕಾಯುತ್ತದಾ? ಗುರುವಾರ ಬೆಳಗ್ಗೆ ಮಗಳೇ ಆ ಹಾಳೆ ಕಿತ್ತು ಹಿಂದುಗಡೆ ಲೆಕ್ಕ ಮಾಡುತ್ತಿದ್ದಳು. ನಾನೂ ಸುಮ್ಮನಾದೆ.

ಆಮೇಲೆ ಕೇಳೋದನ್ನೇ ಬಿಟ್ಟೆ. ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಪುಟಗಳಲ್ಲಿ 2 ವಾರ ಬರೆದಿಟ್ಟೆ. ಏನು ಮಾಡಿದೆ, ಪಾತ್ರೆಯಲ್ಲಿ ಎಷ್ಟು ಉಳಿಯಿತು, ಅಷ್ಟೇ. ಬಾಯಲ್ಲಿ ಹೇಳದಿದ್ದದ್ದೆಲ್ಲ ಅಲ್ಲಿ ಸಿಕ್ಕಿತು. ಬೀನ್ಸ್ ಪಲ್ಯ ಯಾರಿಗೂ ಬೇಡ, ಆದರೂ ಎರಡು ವಾರದಲ್ಲಿ 4 ಸಲ ಮಾಡಿದ್ದೆ. ಮುದ್ದೆ ಬೇಡ ಅನ್ನುವ ಮಗ ಮಸ್ಸೊಪ್ಪು ಇದ್ದ ದಿನ ತಾನೇ ಕೇಳಿ ಹಾಕಿಸಿಕೊಂಡಿದ್ದ. ಇನ್ನು ಹೆಂಡತಿ. ಕೆಲಸದಿಂದ ಸುಸ್ತಾಗಿ ಬಂದ ದಿನಗಳಲ್ಲಿ ಅವಳು ಹುಳಿ, ಪಲ್ಯ ಮುಟ್ಟುತ್ತಲೇ ಇರಲಿಲ್ಲ. ಅನ್ನಕ್ಕೆ ನೀರು ಮಜ್ಜಿಗೆ, ಉಪ್ಪಿನಕಾಯಿ. ಮುಂದಿನ ವಾರ ಒಂದು ರಾತ್ರಿ ಕುಚ್ಚಲಕ್ಕಿ ಗಂಜಿ, ತೆಂಗಿನಕಾಯಿ ಚಟ್ನಿ, ಹಪ್ಪಳ ಮಾಡಿಟ್ಟೆ. ಅವಳು ಏನೂ ಹೇಳಲಿಲ್ಲ. ಎರಡು ಸಲ ಬಡಿಸಿಕೊಂಡಳು. ಮದುವೆಯಾಗಿ ಅಷ್ಟು ವರ್ಷ ನಮ್ಮ ಮನೆಗೆ ಕುಚ್ಚಲಕ್ಕಿ ಬಂದೇ ಇರಲಿಲ್ಲ ಅನ್ನೋದು ನನಗೆ ಆಗ ಹೊಳೆಯಿತು.

ಈಗ ವಾರಕ್ಕೆ ತಿಂಡಿ, ಅಡುಗೆಗಳ ಹೆಸರು ಬರೆಯೋದಿಲ್ಲ. ಯಾವುದು ಮೊದಲು ಕೆಡುತ್ತದೆ ಅನ್ನೋದೇ ನನ್ನ ಪಟ್ಟಿ. ಭಾನುವಾರ ಬೆಳಗ್ಗೆ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗುತ್ತೇನೆ. ಸೊಪ್ಪು ಸೋಮವಾರದೊಳಗೆ ಖರ್ಚಾಗಬೇಕು. ಹೆಚ್ಚಾಗಿ ಬಸ್ಸಾರು ಮಾಡುತ್ತೇನೆ. ಬೇಳೆ, ಸೊಪ್ಪು ಒಟ್ಟಿಗೆ ಬೇಯಿಸಿ ಬಸಿದರೆ ಕಟ್ಟು ಸಾರಿಗೆ, ಉಳಿದದ್ದು ಒಗ್ಗರಣೆ ಕೊಟ್ಟು ಪಲ್ಯಕ್ಕೆ. ಒಂದೇ ಪಾತ್ರೆಯಲ್ಲಿ ಎರಡು ಅಡುಗೆ ತೀರ್ಮಾನವಾಯಿತು. ಆಮೇಲೆ ಬದನೆ, ಬೆಂಡೆ. ಸೌತೆ, ಸೋರೆ, ಕುಂಬಳ ವಾರದ ಕೊನೆಗೆ. ಆಲೂಗಡ್ಡೆಗೆ ಅವಸರವೇ ಇಲ್ಲ. ಶನಿವಾರ ಅಮ್ಮನಿಗೆ ಒಪ್ಪೊತ್ತು, ರಾತ್ರಿ ಅನ್ನ ಮುಟ್ಟುವುದಿಲ್ಲ. ಅವತ್ತು ಎಲ್ಲರಿಗೂ ಉಪ್ಪಿಟ್ಟೋ ಅವಲಕ್ಕಿಯೋ. ಯೋಚಿಸಬೇಕಾಗಿಲ್ಲದ ಒಂದು ರಾತ್ರಿ ಸಿಕ್ಕಿತಲ್ವಾ.

ಬೆಳಗಿನ ತಿಂಡಿಯಲ್ಲಿ ಮೂರು ದಿನ ಹಿಟ್ಟಿನದು. ಶನಿವಾರ ಮಧ್ಯಾಹ್ನ 6 ಲೋಟ ದೋಸೆ ಅಕ್ಕಿಗೆ 2 ಲೋಟ ಉದ್ದಿನಬೇಳೆ, 1 ಚಮಚ ಮೆಂತ್ಯ ನೆನೆಹಾಕುತ್ತೇನೆ. ಸಂಜೆ ರುಬ್ಬುವಾಗ 2 ಹಿಡಿ ಅವಲಕ್ಕಿ. ಭಾನುವಾರ ಮೆತ್ತನೆ ದೋಸೆ. ಸೋಮವಾರ ಅದೇ ಹಿಟ್ಟು ತೆಳ್ಳಗೆ ಹರಡಿ ಗರಿಗರಿ. ಮಂಗಳವಾರದ ಹೊತ್ತಿಗೆ ಹುಳಿ ಬಂದಿರುತ್ತದೆ, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿ ಪಡ್ಡು. ಹುಳಿ ಜಾಸ್ತಿಯಾದಷ್ಟೂ ಪಡ್ಡು ರುಚಿ.

ಇಷ್ಟಾದ ಮೇಲೂ ಮಾತು ಬದಲಾಯಿಸುವವರು ಇದ್ದೇ ಇರುತ್ತಾರೆ. ಅದಕ್ಕೆ ಮದ್ದು ನೆನೆಹಾಕುವುದು. ರಾತ್ರಿ 9ಕ್ಕೆ ಅಲಸಂದೆಯನ್ನೋ ಕಡಲೆಕಾಳನ್ನೋ ನೀರಿಗೆ ಹಾಕಿಬಿಟ್ಟರೆ ನಾಳೆಯ ಮಾತು ಮುಗಿಯಿತು. "ಅಯ್ಯೋ, ಚಿತ್ರಾನ್ನ ಮಾಡ್ಬಹುದಿತ್ತು" ಅಂತ ಬೆಳಗ್ಗೆ ಯಾರು ಅಂದರೂ ನಾನು ಪಾತ್ರೆ ತೋರಿಸುತ್ತೇನೆ. ಊದಿದ ಕಾಳನ್ನು ತಿರುಗಿ ಡಬ್ಬಿಗೆ ಹಾಕೋಕಾಗಲ್ಲ. ಮೊಳಕೆಯಾದರೆ ಎರಡು ದಿನ ಮೊದಲೇ ತೀರ್ಮಾನ. ರಾತ್ರಿ ನೆನೆಹಾಕಿ, ಬೆಳಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮಾರನೆಯ ದಿನ ಹೆಸರುಕಾಳು ಬಾಲ ಬಿಟ್ಟಿರುತ್ತದೆ. ಒಮ್ಮೆ ಹುರುಳಿಕಾಳು ಕಟ್ಟಿಟ್ಟು ಮರೆತುಬಿಟ್ಟಿದ್ದೆ. ಅಲಮಾರು ಹಿಂದೆ ಇಲಿ ಸತ್ತಿದೆ ಅಂತ ಅಮ್ಮ ಇಡೀ ಮನೆ ಹುಡುಕಿಸಿದರು.

ಪೂರ್ತಿ ನನ್ನದೇ ದರ್ಬಾರು ಅಂತಲ್ಲ. ತಲೆಗೆ ವಾರಕ್ಕೆ ಒಂದು ‘ಬೇಡ’ ಕೊಟ್ಟಿದ್ದೇನೆ. ಬೇಡ ಅಂದರೆ ಆ ತರಕಾರಿ ಆ ದಿನ ಒಲೆಗೆ ಹತ್ತುವುದಿಲ್ಲ. ಮಗಳು ಒಂದು ಸೋಮವಾರವೇ ಬದನೆಕಾಯಿಗೆ ತನ್ನದನ್ನು ಖರ್ಚು ಮಾಡಿದಳು. ಗುರುವಾರ ಹಾಗಲಕಾಯಿ ಗೊಜ್ಜು. ತಮ್ಮನ ‘ಬೇಡ’ ಸಾಲ ಕೇಳಿದಳು, ಅವನು 20 ರೂಪಾಯಿ ಹೇಳಿದ. ಈಗ ಇಬ್ಬರೂ ಭಾನುವಾರ ಚೀಲ ಬಿಚ್ಚುವಾಗಲೇ ಬಂದು ನಿಂತಿರುತ್ತಾರೆ.

ಪ್ರಶ್ನೆ ಕೇಳುವ ಬಗೆಯನ್ನೂ ಬದಲಾಯಿಸಿದೆ. ಒಂದು ಕೈಯಲ್ಲಿ ಸೌತೆಕಾಯಿ, ಇನ್ನೊಂದರಲ್ಲಿ ಸೋರೆಕಾಯಿ ಹಿಡಿದು "ಇದಾ, ಅದಾ?" ಅನ್ನುತ್ತೇನೆ. ತಕ್ಷಣ ಯಾರಾದರೂ ಬೆರಳು ತೋರಿಸುತ್ತಾರೆ. ಮೂರು ತರಕಾರಿ ತೋರಿಸಿ ನೋಡಿದೆ, ತಿರುಗಿ ‘ಏನಾದ್ರೂ’ ಶುರುವಾಯಿತು.

ಡಿಸೆಂಬರ್, ಜನವರಿಯಲ್ಲಿ ಇದ್ಯಾವುದೂ ಬೇಕಾಗಿಲ್ಲ. ಸೊಗಡು ಅವರೆ ಬಂತೆಂದರೆ ನಾಲ್ವರದೂ ಒಂದೇ ಮಾತು. ರಾತ್ರಿ ಕಾಳು ನೆನೆಹಾಕಿ ಬೆಳಗ್ಗೆ ಎಲ್ಲರೂ ಸುತ್ತ ಕೂತು ಹಿತುಕುತ್ತೇವೆ. ಬೇಳೆ ಚಿಮ್ಮಿ ಸೋಫಾ ಕೆಳಗೆ ಹೋದದ್ದು ಸಂಕ್ರಾಂತಿ ಕಳೆದ ಮೇಲೂ ಸಿಗುತ್ತದೆ.

ಕಳೆದ ತಿಂಗಳು ನಾಲ್ವರೂ ಉಡುಪಿಗೆ ಹೋಗಿದ್ದರು. ಯಾರನ್ನೂ ಕೇಳಬೇಕಾಗಿಲ್ಲ, ಇಷ್ಟ ಬಂದದ್ದು ಮಾಡಿಕೊಳ್ಳಬಹುದು. ರಾತ್ರಿ 8ಕ್ಕೆ ಫ್ರಿಜ್ ಬಾಗಿಲು ತೆಗೆದು ನಿಂತೆ. ಮುಚ್ಚಿದೆ. ಮತ್ತೆ ತೆಗೆದೆ. ಕೊನೆಗೆ ಹೆಂಡತಿಗೆ ಫೋನ್ ಮಾಡಿದೆ.

"ಎಂತ ಮಾಡ್ಕೊಳ್ಳಲಿ ನಾನು?"

"ಎಂತದಾದ್ರೂ ಮಾಡ್ಕೊಳ್ಳಿ ಮಾರಾಯ್ರೆ" ಅಂದಳು. ಹಿಂದಿನಿಂದ ಮಗಳು ಕೂಗಿದಳು, "ಅಪ್ಪ, ಎರಡು ಕೈಯಲ್ಲಿ ಏನಾದ್ರೂ ಹಿಡ್ಕೊಂಡು ನೋಡಿ."

ಮೊಸರವಲಕ್ಕಿ ತಿಂದು ಮಲಗಿದೆ.