ಘಟ್ಟದ ಬುಡದ ಊರೊಂದರ ಚರಿತ್ರೆಯನ್ನು ಬರೆಯುವ ಕ್ರಮ

ದೇವಸ್ಥಾನದ ಬ್ರಹ್ಮಕಲಶವಾಗಲಿ, ಶಾಲೆಯ ಶತಮಾನೋತ್ಸವವಾಗಲಿ, ಸ್ಮರಣ ಸಂಚಿಕೆಗೆ ‘ನಮ್ಮ ಊರಿನ ಇತಿಹಾಸ’ ಎಂಬ ಲೇಖನವೊಂದು ಬೇಕೇಬೇಕೆಂದು ಸಮಿತಿಯವರು ಯಾರಾದರೊಬ್ಬರ ತಲೆಗೆ ಕಟ್ಟುವುದು ಉಡುಪಿ, ಮಂಗಳೂರು ಕಡೆಯ ವಾಡಿಕೆ. ಹಾಗೆ ಬರೆದವು ಬಹುಪಾಲು ಪರಶುರಾಮನಿಂದ ಹೊರಟು ಆಳುಪರನ್ನೂ ವಿಜಯನಗರವನ್ನೂ ದಾಟಿ ಜೀರ್ಣೋದ್ಧಾರ ಸಮಿತಿಯ ಪಟ್ಟಿಗೆ ಬಂದು ನಿಲ್ಲುತ್ತವೆ. ಊರು ಮಾತ್ರ ಎಲ್ಲಿಯೂ ಕಾಣುವುದಿಲ್ಲ. ಹೆಬ್ರಿ, ಕಾರ್ಕಳ, ಬೆಳ್ತಂಗಡಿ ಕಡೆಯ ಘಟ್ಟದ ಬುಡದ ಊರುಗಳ ಚರಿತ್ರೆಯನ್ನು ಬರೆಯಹೊರಟವರು ಅರಸರನ್ನು ಸದ್ಯಕ್ಕೆ ಬದಿಗಿಟ್ಟು ಮನೆಗಳಿಂದ ಆರಂಭಿಸುವುದು ಒಳಿತು.

ಇದಕ್ಕೆ ಕಾರಣವಿದೆ, ಬೇರೊಂದು ಬೆಟ್ಟದ ಸೀಮೆಯೊಡನೆ ಹೋಲಿಸಿದರೆ ಅದು ತಿಳಿಯುತ್ತದೆ. ಗ್ರೀಸಿನ ವಾಯವ್ಯ ಭಾಗದ ಎಪಿರಸ್ ಪ್ರಾಂತದಲ್ಲಿ, ಪಿಂಡಸ್ ಪರ್ವತಗಳ ನಡುವೆ ಝಗೋರಿ ಎಂಬ ಹೆಸರಿನ ಹಳ್ಳಿಗಳ ಗುಂಪೊಂದಿದ್ದು, 2023ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಯ ಹಳ್ಳಿಯೆಂದರೆ ಒಂದಕ್ಕೊಂದು ತಾಗಿಕೊಂಡಂತಿರುವ ಕಲ್ಲಿನ ಮನೆಗಳು, ನಡುವೆ ಚರ್ಚು ಮತ್ತು ದೊಡ್ಡ ಮರವಿರುವ ಚೌಕ. ಹತ್ತಿರದ ಯೊವಾನಿನಾ ನಗರವು 1430ರಲ್ಲಿ ಒಟ್ಟೊಮನ್ನರಿಗೆ ಶರಣಾದ ಮೇಲೆ 1913ರ ತನಕ ಈ ಸೀಮೆ ಅವರ ಕೈಯಲ್ಲಿತ್ತಾದರೂ, ತೆರಿಗೆ ಸಲ್ಲಿಸಿ ಒಳಾಡಳಿತವನ್ನು ಬಹುಮಟ್ಟಿಗೆ ತಾವೇ ನಡೆಸಿಕೊಂಡ ಹಳ್ಳಿಗಳಿವು. ಅಂಥ ಊರಿಗೆ ಕಣ್ಣಿಗೆ ಕಾಣುವ ಒಂದು ನಡುವುಂಟು, ಚರಿತ್ರೆಕಾರನು ಅಲ್ಲಿಂದ ಹೊರಡಬಹುದು. ನಮ್ಮ ಕಡೆ ಮನೆಗಳು ಒಂದೊಂದು ಬೈಲಿಗೆ, ಒಂದೊಂದು ತೋಟದ ತಲೆಗೆ ಚದರಿಕೊಂಡಿದ್ದು, ‘ಗ್ರಾಮ’ ಎಂಬುದು ಕಂದಾಯ ಇಲಾಖೆಯ ನಕ್ಷೆಯಲ್ಲಿ ಮಾತ್ರ ಒಂದಾಗಿ ಕಾಣುವ ವಸ್ತುವಾಗಿರುವುದರಿಂದ, ಇಲ್ಲಿ ಮೊದಲ ಕೆಲಸವು ಮನೆಗಳ ಹೆಸರುಗಳ ನಕ್ಷೆಯನ್ನು ತಯಾರಿಸುವುದೇ ಆಗಬೇಕು.

ಗ್ರಾಮ ನಕ್ಷೆಯ ಪ್ರತಿಯೊಂದನ್ನು ಪಡೆದು, ಗುತ್ತು, ಬರ್ಕೆ, ಬೀಡು ಎಂದು ಕರೆಯಿಸಿಕೊಳ್ಳುವ ಹಳೆಯ ಮುಖಂಡ ಮನೆತನಗಳ ಮನೆಗಳನ್ನೂ ‘ಮೇಲಿನ ಮನೆ’, ‘ಕೆಳಗಿನ ಮನೆ’ಗಳನ್ನೂ ದೈವಸ್ಥಾನ, ನಾಗಬನ, ಕಟ್ಟ, ಹಳೆಯ ಎತ್ತಿನ ದಾರಿಗಳನ್ನೂ ಅದರಲ್ಲಿ ಗುರುತಿಸಬೇಕು. ಬಳಿಕ ಒಂದೊಂದು ಜಾಗದ ಪಹಣಿ ಮತ್ತು ಹಳೆಯ ಸಾಗುವಳಿ ಲೆಕ್ಕಗಳಾದ ಅಡಂಗಲ್‌ಗಳನ್ನು ಕೂಡಿಸಿ ನೋಡಿದರೆ ವರ್ಗ (ಕಂದಾಯ ಕಟ್ಟುವ ಹಿಡುವಳಿ) ಯಾರದು, ಅದಕ್ಕೆ ಹೊಂದಿದ ಕುಮ್ಕಿ (ಸೊಪ್ಪು, ಸೌದೆಗೆಂದು ಬಳಸುವ ಸರಕಾರಿ ಜಾಗ) ಎಲ್ಲಿ ಎಂಬುದು ತಿಳಿಯುತ್ತದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಬಳಿಕ ಗೇಣಿ ಒಕ್ಕಲುಗಳು ತಾವು ಉಳುವ ಭೂಮಿಯ ಹಕ್ಕಿಗಾಗಿ ಹಾಕಿದ ‘ಡಿಕ್ಲರೇಷನ್’ ಅರ್ಜಿಗಳೂ ಭೂನ್ಯಾಯ ಮಂಡಳಿಯ ತೀರ್ಪುಗಳೂ ಊರಿನ ಚರಿತ್ರೆಗೆ ಸಿಗುವ ಅತ್ಯಂತ ಬೆಲೆಬಾಳುವ ಕಾಗದಗಳೆಂದು ನನ್ನ ಅಭಿಪ್ರಾಯ. ಯಾರು ಎಷ್ಟು ಕಾಲದಿಂದ ಉಳುತ್ತಿದ್ದರು, ವರ್ಷಕ್ಕೆ ಎಷ್ಟು ಮುಡಿ (ಒಣಹುಲ್ಲಿನಲ್ಲಿ ಕಟ್ಟಿದ ಮೂಟೆ) ಅಕ್ಕಿ ಗೇಣಿ ಕೊಡುತ್ತಿದ್ದರು, ಅದು ಶಾಶ್ವತವಾದ ಮೂಲಗೇಣಿಯೋ ಒಡೆಯನು ಬಿಡಿಸಬಹುದಾದ ಚಾಲಗೇಣಿಯೋ ಎಂಬ ವಿವರಗಳು ಸಾಮಾನ್ಯ ಜನರ ಬಾಯಿಂದಲೇ ಬಂದು ಬರಹಕ್ಕಿಳಿದದ್ದು ಅಂಥ ಕಡತಗಳಲ್ಲಿ. ಮನೆಯ ಮರದ ಪೆಟ್ಟಿಗೆಯಲ್ಲಿ ಗೇಣಿ ಚೀಟುಗಳಿದ್ದರೆ ಅವನ್ನು ಅಲ್ಲೇ ಫೋಟೋ ತೆಗೆದು ಮರಳಿಸುವುದು ಕ್ರಮ. ‘ನಾಳೆ ತಂದುಕೊಡುತ್ತೇನೆ’ ಎಂದು ಒಯ್ದ ಕಾಗದಗಳು ಹಿಂದಿರುಗುವುದು ಕಡಿಮೆ.

ಇನ್ನು ಶಾಸನಗಳು. ದೇವಸ್ಥಾನದ ಅಂಗಳದಲ್ಲೋ ಗದ್ದೆಯ ಪುಣಿಯಲ್ಲೋ ಬರಹವಿರುವ ಕಲ್ಲು ಸಿಕ್ಕಿದಾಗ ಎಣ್ಣೆ ಹಚ್ಚುವುದು, ಸುಣ್ಣ ತುಂಬುವುದು, ಮೊಳೆಯಿಂದ ಅಕ್ಷರ ಬಿಡಿಸುವುದು ಇವನ್ನೆಲ್ಲ ಖಡಾಖಂಡಿತವಾಗಿ ತಡೆಯಬೇಕು. ನೀರು ಹಾಕಿ ಮೆತ್ತನೆಯ ಬ್ರಷ್ಷಿನಿಂದ ಪಾಚಿ ತೆಗೆದು, ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮೈಗೆ ಒತ್ತಿದಂತೆ ಪಕ್ಕದಿಂದ ಹಿಡಿದರೆ, ಹಗಲಲ್ಲಿ ಬರೇ ಗೀರುಗಳಂತೆ ತೋರುತ್ತಿದ್ದ ಸಾಲುಗಳು ನೆರಳು ಪಡೆದು ಅಕ್ಷರಗಳಾಗುತ್ತವೆ. ಎಡದಿಂದೊಮ್ಮೆ, ಬಲದಿಂದೊಮ್ಮೆ, ಮೇಲಿನಿಂದೊಮ್ಮೆ ಬೆಳಕು ಬಿಟ್ಟು, ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಫೋಟೋ ತೆಗೆದುಕೊಂಡರೆ ಓದುವವರಿಗೆ ಅನುಕೂಲ. ಪಡಿಯಚ್ಚು (ಕಾಗದದ ಮೇಲೆ ಶಾಸನದ ಅಚ್ಚು) ತೆಗೆಯುವುದನ್ನು ತಿಳಿದವರಿಗೇ ಬಿಡಬೇಕು.

ಕಾಲವನ್ನು ಲೆಕ್ಕ ಹಾಕುವಲ್ಲಿ ಹಲವರು ಎಡವುತ್ತಾರೆ. ಶಕವರ್ಷಕ್ಕೆ 78 ಕೂಡಿಸಬೇಕೆಂಬುದು ಸರಿಯೇ, ಆದರೆ ಶಕವರ್ಷ ಮೊದಲಾಗುವುದು ಯುಗಾದಿಗೆ. ಕಾರ್ಕಳದ ಗೊಮ್ಮಟನನ್ನು ವೀರಪಾಂಡ್ಯನು ನಿಲ್ಲಿಸಿದ್ದು ಶಕ 1353ನೆಯ ವಿರೋಧಿಕೃತ್ ಸಂವತ್ಸರದ ಫಾಲ್ಗುಣ ಶುದ್ಧ ದ್ವಾದಶಿಯಂದು. 78 ಕೂಡಿಸಿದರೆ 1431 ಬರುತ್ತದಾದರೂ ಫಾಲ್ಗುಣವು ವರ್ಷದ ಕೊನೆಯ ತಿಂಗಳಾದ್ದರಿಂದ ಅಷ್ಟರಲ್ಲಿ ಜನವರಿ ಕಳೆದಿರುತ್ತದೆ. ನಿಜವಾದ ದಿನ 1432ರ ಫೆಬ್ರವರಿ 13. ಸಂವತ್ಸರದ ಹೆಸರನ್ನೂ ತಾಳೆ ನೋಡುವುದು ಸುಲಭ: 60 ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ 1971ರ ಯುಗಾದಿಯಿಂದ ನಡೆದ ವಿರೋಧಿಕೃತ್ತಿಗೂ 1431ರ ವಿರೋಧಿಕೃತ್ತಿಗೂ ನಡುವೆ ಸರಿಯಾಗಿ 9 ಸುತ್ತುಗಳಿವೆ. ಶಕವರ್ಷದ ಅಂಕಿ ಸವೆದಿದ್ದು ಸಂವತ್ಸರ ಮಾತ್ರ ಉಳಿದಿದ್ದರೆ ಲಿಪಿಯ ಕಾಲವನ್ನು ನೋಡಿಯೇ ಯಾವ ಸುತ್ತು ಎಂಬುದನ್ನು ನಿರ್ಣಯಿಸಬೇಕಾಗುತ್ತದೆ.

ಹೆಂಚಿನ ಮೇಲಿನ ಇಸವಿಯೂ ಮೋಸ ಮಾಡುತ್ತದೆ. ಮಂಗಳೂರು ಹೆಂಚುಗಳಲ್ಲಿ ಕೆಲವದರ ಮೇಲೆ ಅಚ್ಚಾಗಿರುವುದು ಕಾರ್ಖಾನೆ ಆರಂಭವಾದ ವರ್ಷ. ಬಾಸೆಲ್ ಮಿಷನ್ ತನ್ನ ಹೆಂಚಿನ ಕಾರ್ಖಾನೆಯನ್ನು 1865ರಲ್ಲಿ ತೆರೆಯಿತೆಂದ ಮಾತ್ರಕ್ಕೆ ಅದರ ಹೆಂಚು ಹೊದೆಸಿದ ಮನೆ 1865ರದ್ದಾಗುವುದಿಲ್ಲ.

ಅಚ್ಚಾದ ಆಕರಗಳಲ್ಲಿ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್’ ಮಾಲೆಯ 7ನೆಯ ಸಂಪುಟ, 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕನನ್‌ನ ವರದಿ, 1894ರ ಸ್ಟರಾಕ್‌ನ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿ ಇವನ್ನು ನೋಡಲೇಬೇಕು. ಘಟ್ಟದ ಬುಡದವರು ಮೇಲಿನ ಸೀಮೆಯನ್ನೂ ಮರೆಯಬಾರದು: ಉಪ್ಪು ಮೇಲೆ ಹೋಗಿ ಅಡಿಕೆ, ಮೆಣಸು ಕೆಳಗಿಳಿಯುತ್ತಿದ್ದ ದಾರಿಗಳ ಇನ್ನೊಂದು ತುದಿಯ ಶಾಸನಗಳು ‘ಎಪಿಗ್ರಾಫಿಯ ಕರ್ನಾಟಿಕ’ದ ಕಡೂರು, ಶಿವಮೊಗ್ಗ ಸಂಪುಟಗಳಲ್ಲಿವೆ. ಆಡಳಿತದ ಗಡಿಗಳನ್ನು ಒಂದು ಪುಟದಲ್ಲಿ ಮುಗಿಸಬಹುದು. ಈ ಸೀಮೆ 1799ರಲ್ಲಿ ಇಂಗ್ಲಿಷರ ಕೈಸೇರಿದ್ದು, 1956ರಲ್ಲಿ ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಬಂದದ್ದು, 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾದದ್ದು ಇಷ್ಟು ಸಾಕು. ಸುಳ್ಯದ ಕಡೆಯವರು ಮಾತ್ರ 1834ರ ತನಕ ತಮ್ಮ ಸೀಮೆ ಕೊಡಗಿನ ಅರಸರದ್ದಾಗಿತ್ತೆಂಬುದನ್ನು ಸೇರಿಸಿಕೊಳ್ಳಬೇಕು.

ಹಿರಿಯರೊಂದಿಗೆ ಮಾತನಾಡುವಾಗ ಇಸವಿ ಕೇಳಿ ಫಲವಿಲ್ಲ. ‘ಅಜ್ಜೇರೇ, ಅದು ಡಿಕ್ಲರೇಷನ್‌ಗಿಂತ ಮೊದಲೋ ಆಮೇಲೆಯೋ?’, ‘ಆಗ ನಿಮಗೆ ಮದುವೆಯಾಗಿತ್ತೇ?’ ಎಂದು ಕೇಳಿದರೆ ಉತ್ತರ ಗಟ್ಟಿಯಾಗಿ ಬರುತ್ತದೆ. ನೇತ್ರಾವತಿಯ ಬದಿಯವರಾದರೆ 1923ರ ನೆರೆಯ ಬಗ್ಗೆ ಅವರ ಹಿರಿಯರು ಹೇಳಿದ್ದೂ ಸಿಗಬಹುದು. ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುವ ಅಳಿಯಸಂತಾನದ ಮನೆಗಳಲ್ಲಿ ವಂಶವೃಕ್ಷವನ್ನು ತಾಯಿಯ ಕಡೆಯಿಂದಲೇ ಬರೆಯಬೇಕು, ತಂದೆಯಿಂದ ಮಗನಿಗೆ ಗೆರೆ ಎಳೆದರೆ ಆಸ್ತಿ ಹೋದ ದಾರಿಯೇ ತಪ್ಪುತ್ತದೆ. ನೇಮದ (ದೈವದ ಕೋಲದ) ದಿನ ದೈವವು ಯಾವ ಮನೆತನಗಳನ್ನು ಯಾವ ಅನುಕ್ರಮದಲ್ಲಿ ಕರೆಯುತ್ತದೆ ಎಂಬುದನ್ನು ಅಲ್ಲಿಯೇ ನಿಂತು ಬರೆದಿಟ್ಟುಕೊಂಡು ಪಹಣಿಯೊಡನೆ ಹೋಲಿಸಿದರೆ, ಭೂಮಿ ಕೈಬಿಟ್ಟ ಮೇಲೂ ಮರ್ಯಾದೆ ಉಳಿಸಿಕೊಂಡ ಮನೆಗಳು ಯಾವುವೆಂದು ತಿಳಿಯುತ್ತದೆ. ಪಾಂಡವರು ಬಂದಿದ್ದರೆಂಬ ಕಥೆಯನ್ನೂ ಬಿಡಬೇಕಾಗಿಲ್ಲ. ಹೇಳಿದವರ ಹೆಸರಿನೊಂದಿಗೆ ಐತಿಹ್ಯಗಳ ಅಧ್ಯಾಯದಲ್ಲಿ ಅದು ಇರಲಿ.

ಊರು ಬಿಟ್ಟವರ ವಿಚಾರದಲ್ಲಿ ಝಗೋರಿಯಿಂದ ಕಲಿಯುವುದುಂಟು. ಅಲ್ಲಿಯ ಗಂಡಸರು ಕಾನ್‌ಸ್ಟಾಂಟಿನೋಪಲ್‌ಗೂ ರುಮೇನಿಯಾಕ್ಕೂ ವ್ಯಾಪಾರಕ್ಕೆ ಹೋಗಿ ಗಳಿಸಿದ ಹಣದಿಂದ ಶಾಲೆಗಳೂ ಸೇತುವೆಗಳೂ ಎದ್ದವು. ದಾನಿಯ ಹೆಸರೇ ಸೇತುವೆಯ ಹೆಸರಾಗಿ ಉಳಿಯಿತು. ನಮ್ಮಲ್ಲಿ ಆ ದಾಖಲೆ ದೇವಸ್ಥಾನದ ಅಮೃತಶಿಲೆಯ ಫಲಕಗಳಲ್ಲಿದೆ. ಹೆಸರಿನ ಮುಂದೆ ‘ಮುಂಬಯಿ’ ಎಂದಿರುವವರ ಪಟ್ಟಿ ಮಾಡಿ, ಮೊದಲು ಹೋದವರಾರು, ಹೋಟೆಲಿಗೋ ಮಿಲ್ಲಿಗೋ, ಅವರ ಬೆನ್ನಿಗೆ ಯಾರನ್ನು ಕರೆಸಿಕೊಂಡರು ಎಂದು ವಿಚಾರಿಸಬೇಕು. ಇದಕ್ಕಾಗಿ ಮುಂಬಯಿಗೆ ಹೋಗಬೇಕೆಂದಿಲ್ಲ, ಮೇ ತಿಂಗಳ ರಜೆಯಲ್ಲಿ ಅವರೇ ಊರಿಗೆ ಬರುತ್ತಾರೆ.

ಬರೆಯುವಾಗ ಒಂದೊಂದು ಸಂಗತಿಯ ಬದಿಗೂ ಅದು ಶಾಸನದ್ದೋ, ಕಡತದ್ದೋ, ಬಾಯಿಮಾತೋ ಎಂದು ಗುರುತು ಹಾಕುತ್ತ ಹೋಗಬೇಕು. ಅಚ್ಚಿಗೆ ಕೊಡುವ ಮೊದಲು ಆಯಾ ಮನೆಯ ಭಾಗವನ್ನು ಆಯಾ ಮನೆಯವರಿಗೆ ಓದಿ ಹೇಳಿ ಹೆಸರುಗಳನ್ನು ತಿದ್ದಿಸಿಕೊಳ್ಳಬೇಕು. ವ್ಯಾಜ್ಯದಲ್ಲಿರುವ ಜಾಗದ ಬಗ್ಗೆ ಕಡತದಲ್ಲಿರುವುದನ್ನಷ್ಟೇ ಬರೆದು, ಯಾರ ಹಕ್ಕು ಸರಿ ಎಂಬ ಮಾತನ್ನು ನ್ಯಾಯಾಲಯಕ್ಕೆ ಬಿಡಬೇಕು.