ಹಣ ತೆಗೆದು ತೋರಿಸಿ ಎನ್ನಿ

ಅಡಿಕೆ ಮಾರಿದ ದುಡ್ಡು ಖಾತೆಗೆ ಬೀಳುವ ಹೊತ್ತಿಗೆ ಸರಿಯಾಗಿ ನಮ್ಮ ಶಿರಸಿ ಕಡೆ ‘ಹೂಡಿಕೆ ಸಲಹೆಗಾರರು’ ಚಿಗುರಿಕೊಳ್ಳುತ್ತಾರೆ. ಮೊನ್ನೆ ನಮ್ಮ ಭಾವ ಕವಳ ಮೆಲ್ಲುತ್ತಾ ಮೊಬೈಲ್ ಚಾಚಿದರು. ಆ್ಯಪ್‌ನಲ್ಲಿ ಅವರ 50,000 ರೂಪಾಯಿ 81,000 ಆಗಿ ಹಸಿರಾಗಿ ಹೊಳೆಯುತ್ತಿತ್ತು. “ತೆಗೆದು ತೋರಿಸಿ ಭಾವಾ” ಎಂದೆ. ತೆಗೆಯಬೇಕಾದರೆ ಮೊದಲು 12,000 ‘ತೆರಿಗೆ’ ಕಟ್ಟಬೇಕಂತೆ, ಅದೂ ಯಾರದೋ ಯುಪಿಐಗೆ! ಲಾಭದ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟುತ್ತೇವೆಯೇ ಹೊರತು ಅಪರಿಚಿತರ ಖಾತೆಗಲ್ಲ. ಮೊದಲ ವಾರ 2,000 ವಾಪಸ್ ಬಂದಿತ್ತಲ್ಲ ಎಂದರು. ಅದು ಗಾಳಕ್ಕೆ ಸಿಕ್ಕಿಸಿದ ಸೀಗಡಿ.

ಇಂಥವರು ಆಸೆ ತೋರಿಸುವ ತಿಂಗಳಿಗೆ ಶೇ. 10 ಲಾಭ ಎಂದರೆ ಚಕ್ರಬಡ್ಡಿಯ ಲೆಕ್ಕದಲ್ಲಿ ಲಕ್ಷ ರೂಪಾಯಿ ಒಂದೇ ವರ್ಷಕ್ಕೆ ಮೂರು ಲಕ್ಷ ದಾಟಬೇಕು. ಅಂಥ ವಿದ್ಯೆ ಗೊತ್ತಿದ್ದವನು ನಮ್ಮ ಮನೆ ಜಗಲಿಗೆ ಏಕೆ ಬರುತ್ತಾನೆ?

ಷೇರು ಸಲಹೆ ಕೊಡುವವರ ನೋಂದಣಿ ಸಂಖ್ಯೆಯನ್ನು ಷೇರುಪೇಟೆಯ ನಿಯಂತ್ರಕ ಸೆಬಿಯ ಜಾಲತಾಣದಲ್ಲೇ ಹುಡುಕಿ, ಅವರು ಕಳಿಸಿದ ಲಿಂಕ್‌ನಲ್ಲಲ್ಲ. ಠೇವಣಿ ಕೇಳಿದರೆ ಅದಕ್ಕೆ ಅವರಿಗೆ ಅನುಮತಿ ಇದೆಯೇ ಎಂದು ರಿಸರ್ವ್ ಬ್ಯಾಂಕಿನ ‘ಸಚೇತ್’ ಪೋರ್ಟಲ್‌ನಲ್ಲಿ ನೋಡಿ. ಜಿಎಸ್‌ಟಿ ಪ್ರಮಾಣಪತ್ರ ತೋರಿಸಿದರೆ ಮರುಳಾಗಬೇಡಿ, ಅದು ಠೇವಣಿ ಸಂಗ್ರಹಿಸುವ ಪರವಾನಗಿಯಲ್ಲ. ಯಾವ ನಿಯಂತ್ರಕರಲ್ಲೂ ನೋಂದಣಿಯಾಗದ ‘ಅನಿಯಂತ್ರಿತ’ ಠೇವಣಿ ಯೋಜನೆಗಳನ್ನು 2019ರ ಕಾಯ್ದೆಯೇ ನಿಷೇಧಿಸಿದೆ.

ದುಡ್ಡು ಹೋಗಿದ್ದರೆ ನಾಚಿಕೆ ಆಮೇಲೆ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಜಾರುತ್ತದೆ.

ಭಾವ ಅಂದೇ ಕರೆ ಮಾಡಿದರು. ಅಕ್ಕನಿಗೆ ಇನ್ನೂ ಹೇಳಿಲ್ಲ. ಅವಳು ಈ ಗುಂಪಿನಲ್ಲಿಲ್ಲ ಎಂಬ ಧೈರ್ಯದಿಂದ ಬರೆದಿದ್ದೇನೆ.