ಆರು ತಿಂಗಳು ಬರೀ ಬಿಳಿ ಚೆಂಡು: ನನ್ನ ಅನುಭವ

"ಸಾರ್, ಉಳಿದ ಇಪ್ಪತ್ತೊಂದು ಚೆಂಡಿಗೂ ಸೇರಿಸೇ ಬಾಡಿಗೆ ತಗೊಳ್ಳೋದು ನಾವು" ಅಂತ ಸ್ನೂಕರ್ ಕ್ಲಬ್ಬಿನ ಮಾರ್ಕರ್ (ಟೇಬಲ್, ಸ್ಕೋರ್ ನೋಡಿಕೊಳ್ಳುವವನು) ನಕ್ಕಿದ್ದ. ಖಾಲಿ ಟೇಬಲ್ ಮೇಲೆ ಒಬ್ಬನೇ ಬಿಳಿ ಚೆಂಡು ಹೊಡೆಯುತ್ತಾ ನಿಂತಿದ್ದೆ. ಕಳೆದ ತಿಂಗಳು ಅದೇ ಟೇಬಲ್ ಮೇಲೆ 112ರ ಬ್ರೇಕ್ ಬಂತು, ಅಂದರೆ ಒಂದೇ ಸರದಿಯಲ್ಲಿ 112 ಪಾಯಿಂಟು. ಆಗ ನಕ್ಕವರಲ್ಲಿ ಇಬ್ಬರು ಈಗ ಬೆಳಿಗ್ಗೆ ಬೇಗ ಬಂದು ಅದನ್ನೇ ಮಾಡುತ್ತಿದ್ದಾರೆ.

ಅದಕ್ಕೂ ಮುಂಚಿನದೆಲ್ಲ ಸೋಲು. ಪ್ರೊ ಆಗುವ ಹುಚ್ಚಿನಲ್ಲಿ ಬೈಕ್ ಮಾರಿ, ಅಪ್ಪನ ಹತ್ತಿರವೂ ಸಾಲ ಮಾಡಿ ಇಂಗ್ಲೆಂಡಿಗೆ ಕ್ಯೂ ಸ್ಕೂಲ್ (ಪ್ರೊ ಆಗಲು ಗೆಲ್ಲಬೇಕಾದ ಅರ್ಹತಾ ಟೂರ್ನಿ) ಆಡಲು ಹೋಗಿದ್ದೆ. ಟಿಕೆಟ್, ಎಂಟ್ರಿ, ರೂಮು ಸೇರಿ ಮೂರೂವರೆ ಲಕ್ಷ ಆಗಿರಬೇಕು. ಮೊದಲ ಮ್ಯಾಚೇ 4-0ಯಿಂದ ಸೋತೆ. ಆಮೇಲಿನವೂ ಹಾಗೇ. ನಮ್ಮ ಪಂಕಜ್ ಅಡ್ವಾಣಿಯವರೇ 2012ರಲ್ಲಿ ಆ ಪ್ರೊ ಸರ್ಕ್ಯೂಟಿಗೆ ಹೋಗಿ 2014ರಲ್ಲಿ ಬಿಟ್ಟು ಬಂದರು, ನಾನ್ಯಾವ ಲೆಕ್ಕ ಅಂತ ಸಮಾಧಾನ ಮಾಡಿಕೊಂಡೆ.

ವಾಪಸ್ ಬಂದು ಹಿಡಿದದ್ದೇ ಈ ಬಿಳಿ ಚೆಂಡಿನ ಅಭ್ಯಾಸ. ಚೆಂಡು ಟೇಬಲ್ ನಡುಗೆರೆಯ ಬ್ರೌನ್ ಸ್ಪಾಟಿನಿಂದ (ಆ ಬಣ್ಣದ ಚೆಂಡು ಇಡುವ ಗುರುತು) ಹೊರಟು, ಬ್ಲೂ, ಪಿಂಕ್, ಬ್ಲ್ಯಾಕ್ ಸ್ಪಾಟ್ ದಾಟಿ, ಎದುರಿನ ಅಂಚಿನ ಕುಶನ್‌ಗೆ ಬಡಿದು ವಾಪಸ್ ಕ್ಯೂ ಕೋಲಿನ ತುದಿಯ ಚರ್ಮದ ಟಿಪ್‌ಗೇ ಬರಬೇಕು. ನನಗೆ ಐವತ್ತರಲ್ಲಿ ಎಂಟೋ ಒಂಬತ್ತೋ ಬರುತ್ತಿತ್ತು. ಉಳಿದದ್ದೆಲ್ಲ ನಾಲ್ಕು ಬೆರಳು ಎಡಕ್ಕೆ. ನೇರ ಹೊಡೆದೆ ಅಂದುಕೊಂಡಿದ್ದಕ್ಕೆಲ್ಲ ಸೈಡ್ (ಪಕ್ಕಕ್ಕೆ ತಿರುಗುವ ಸ್ಪಿನ್) ಹತ್ತಿತ್ತು!

ಎರಡು ತಿಂಗಳು ಕೈಯನ್ನೇ ಬೈದೆ. ಕೊನೆಗೆ ಎದುರಿಗೆ ಫೋನ್ ಇಟ್ಟು ವಿಡಿಯೊ ಮಾಡಿದೆ. ತಪ್ಪು ಕೈಯದಲ್ಲ, ಕಣ್ಣಿನದು. ಬಲಗೈಯಲ್ಲಿ ಆಡುತ್ತೇನೆ, ಗುರಿ ಹಿಡಿಯುವುದು ಎಡಗಣ್ಣು. ಕ್ಯೂ ಮಾತ್ರ ಗದ್ದದ ನಟ್ಟನಡುವೆ ಇತ್ತು. ಎಡಕ್ಕೆ ಸರಿಸಿದೆ. ಇರೋ ಆಟವೂ ಹೋಗುತ್ತೆ ಅಂದರು ಜೊತೆಯವರು. ಇಂಗ್ಲೆಂಡಿನ ಹಳೇ ಆಟಗಾರ ಜೋ ಡೇವಿಸ್ ಎಡಗಣ್ಣಿನ ಕೆಳಗೆ ಕ್ಯೂ ಓಡಿಸಿಯೇ 15 ಸಲ ವಿಶ್ವ ಚಾಂಪಿಯನ್ ಆದದ್ದು ಅಂದೆ. ನೀನೇನು ಜೋ ಡೇವಿಸ್ಸಾ ಅಂದರು. ಸರಿ, ಅದಕ್ಕೆ ಉತ್ತರ ಇರಲಿಲ್ಲ.

ಮಧ್ಯೆ ಇನ್ನೊಂದು ಹುಚ್ಚು. ಟಿಪ್ ಅನ್ನು ಹಾಲಿನಲ್ಲಿ ನೆನೆಸಿ ವೈಸ್‌ನಲ್ಲಿ (ಬಿಗಿಹಿಡಿಯುವ ಇಕ್ಕಳ) ಒತ್ತಿಟ್ಟರೆ ಗಟ್ಟಿಯಾಗುತ್ತೆ ಅಂತಾರಲ್ಲ, ಅದನ್ನೂ ಮಾಡಿದೆ. ಐದರಲ್ಲಿ ಮೂರು ಅಣಬೆ ಥರ ಅರಳಿಕೊಂಡವು, ಇನ್ನೊಂದು ನಾತ ಹೊಡೆಯಿತು. ಉಳಿದ ಒಂದರಲ್ಲೇ ಈಗಲೂ ಆಡುತ್ತಿದ್ದೇನೆ. ಎಷ್ಟು ದಿನ ಒತ್ತಿಟ್ಟೆ ಅಂತ ಕೇಳಬೇಡಿ. ಬಲಗಾಲು ಎಲ್ಲಿಡುತ್ತೇನೆ ಅಂತಲೂ ಹೇಳಲ್ಲ, ಸ್ಟೇಟ್ ಟೂರ್ನಿ ಹತ್ತಿರ ಬರ್ತಿದೆ.

ಗಂಟೆಗೆ 200, ದಿನಕ್ಕೆ ಎರಡು ಗಂಟೆ. ಬಾಡಿಗೆಯೇ 60 ಸಾವಿರ ದಾಟಿರಬೇಕು. ಆರನೇ ತಿಂಗಳಿಗೆ ಐವತ್ತರಲ್ಲಿ ನಲವತ್ತು ನೇರ ವಾಪಸ್ ಬರತೊಡಗಿದವು. ಕೆಂಪು ಚೆಂಡು ಹೊರಗೆ ತೆಗೆಸಿದ್ದು ಆಮೇಲೆಯೇ.

112ಕ್ಕೆ ನಿಂತಿದ್ದು ಪಿಂಕ್ ತಪ್ಪಿದ್ದಕ್ಕೆ. ಅವತ್ತು ಮಾರ್ಕರ್ ಬಾಡಿಗೆ ತಗೊಳ್ಳಲಿಲ್ಲ.